ಅಂಗೈ ಅಗಲದ ಗೌರಮ್ಮ

ಕುಶಾಲನಗರ ಬಿಟ್ಟು ಹಾಸನದ ದಿಕ್ಕಿಗೆ ಹೊರಟ ಬಸ್ಸು ಕೂಡಿಗೆ, ಕಣಿವೆ, ಹೆಬ್ಬಾಲೆ, ತೊರೆನೂರು ದಾಟಿ ಶಿರಂಗಾಲಕ್ಕೆ ಬರುವ ಹೊತ್ತಿಗೆ, ಕೊಡಗು ಎಂದರೆ ಕಣ್ಣಿಗೆ ಕಟ್ಟುವ ಚಿತ್ರವೆಲ್ಲ ಹಿಂದೆ ಉಳಿದಿರುತ್ತದೆ. ಕಾಫಿ ತೋಟ ಇಲ್ಲ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರ ಇಲ್ಲ, ಮಂಜಿನಲ್ಲಿ ತಲೆ ಮರೆಸಿಕೊಳ್ಳುವ ಬೆಟ್ಟವೂ ಇಲ್ಲ. ರಸ್ತೆಯ ಎರಡೂ ಬದಿಗೆ ಮುಸುಕಿನ ಜೋಳ, ಏರು ಮಡಿ ಮಾಡಿ ನೆಟ್ಟ ಶುಂಠಿ, ಹಾರಂಗಿ ನಾಲೆಯ ನೀರು ಮುಟ್ಟಿದ ಕಡೆ ಭತ್ತ, ಮನೆಯ ಹಿಂದೆ ನಾಲ್ಕು ತೆಂಗು. ಮಡಿಕೇರಿಯಲ್ಲಿ ಕೊಡೆ ಮಡಿಸಲು ಬಿಡದ ಮಳೆ ಇಲ್ಲಿಗೆ ಬರುವಷ್ಟರಲ್ಲಿ ಕೈ ಖಾಲಿ ಮಾಡಿಕೊಂಡಿರುತ್ತದೆ. ಊರಿನ ಪಕ್ಕದಲ್ಲೇ ಕಾವೇರಿ. ತಲಕಾವೇರಿಯಲ್ಲಿ ಹುಟ್ಟಿ ಕೊಡಗನ್ನೆಲ್ಲ ಸುತ್ತಿಬಂದ ಹೊಳೆ ಈ ಸೀಮೆಯಲ್ಲಿ ಜಿಲ್ಲೆಯ ಗಡಿಗೆರೆಯಾಗಿ ಹರಿಯುತ್ತದೆ. ಆಚೆ ದಡದಲ್ಲಿ ಪಿರಿಯಾಪಟ್ಟಣದ ಸೀಮೆ, ಅದರ ನಡುವೆ ಸಿಡಿಲು ಮಲ್ಲಿಕಾರ್ಜುನನನ್ನು ನೆತ್ತಿಯ ಮೇಲೆ ಹೊತ್ತ ಬೆಟ್ಟದಪುರದ ಬೆಟ್ಟ. ರಸ್ತೆ ಹಿಡಿದು ಮುಂದೆ ಹೋದರೆ ಗೇಟು ದಾಟಿದ ಮೇಲೆ ಹಾಸನ ಜಿಲ್ಲೆ, ಕೊಣನೂರು, ರಾಮನಾಥಪುರ.

ಜನರ ಮಾತು, ಊಟ, ಉಡುಗೆ ಎಲ್ಲವೂ ಬಯಲು ಸೀಮೆಯವು. ರಾಗಿಮುದ್ದೆ, ಸೊಪ್ಪಿನ ಸಾರು, ಹೆಗಲ ಮೇಲೆ ಟವಲ್ಲು. ಬೋರ್ಡಿನ ಮೇಲೆ ಮಾತ್ರ ಕೊಡಗು ಜಿಲ್ಲೆ. ಕೊಡಗಿನ ಬಗ್ಗೆ ಯಾರೋ ಬರೆದಿಟ್ಟ ಒಂದು ಚಿತ್ರವನ್ನು ನಂಬದೆ ನೋಡಲು ಇಂಥ ಜಾಗವೇ ವಾಸಿ.

ನಾನು ಕೊಣನೂರಿನ ಬಸ್ಸಿಗೆ ಕಾಯುತ್ತ ಕೂತಿದ್ದ ಹೋಟೆಲಿನ ಮುಂದೆ ಶುಂಠಿಯ ಮೂಟೆಗಳನ್ನು ಲಾರಿಗೆ ಏರಿಸುತ್ತಿದ್ದರು. ಹಸಿ ಶುಂಠಿಯ ಘಾಟು, ಅದರ ಬುಡಕ್ಕಂಟಿದ ಕೆಂಪು ಮಣ್ಣಿನ ವಾಸನೆ, ಒಳಗಿನಿಂದ ಬರುವ ಬೋಂಡದ ಎಣ್ಣೆಯ ಹೊಗೆ ಒಂದರೊಳಗೊಂದು ಬೆರೆತಿದ್ದವು. ಬೆಂಚಿನ ಮೇಲೆ ಚಹಾ ಇಟ್ಟುಕೊಂಡು ಪುಸ್ತಕ ತೆರೆದಾಗ ನಡುವೆ ಇಟ್ಟಿದ್ದ ಚಿತ್ರ ಜಾರಿ ಬಿತ್ತು. ಅಂಗೈ ಅಗಲದ್ದು. ಕಪ್ಪು ಬಿಳುಪಿನ ಅಚ್ಚು. ಮೂಲ ಚಿತ್ರ ದೊಡ್ಡದು, ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದದ್ದು, ಈಗ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ಇಷ್ಟು ಚಿಕ್ಕದಾಗಿ, ಬಣ್ಣವನ್ನೆಲ್ಲ ಕಳೆದುಕೊಂಡ ಮೇಲೆ ಅದು ಯಾರೋ ಪೆನ್ಸಿಲಿನಲ್ಲಿ ತಿದ್ದಿದ ರೇಖಾಚಿತ್ರದ ಹಾಗೆ ಕಾಣುತ್ತಿತ್ತು. ಒಬ್ಬಳು ಹುಡುಗಿ, ಮೈತುಂಬ ಒಡವೆ, ಜರಿಯ ಉಡುಗೆ, ಕೈಯಲ್ಲಿ ಒಂದು ಪುಸ್ತಕ.

ಪಕ್ಕದಲ್ಲಿ ಕೂತಿದ್ದ ಅಜ್ಜಿ ಅದನ್ನು ಎತ್ತಿಕೊಟ್ಟರು. ಕೊಡುವ ಮುಂಚೆ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

“ಯಾರ ಮಗಳಪ್ಪ ಇದು? ದೊಡ್ಡ ಮನೆ ಹುಡುಗಿ ಇದ್ದಂಗೈತೆ.”

“ಕೊಡಗಿನ ಕೊನೇ ರಾಜ ಚಿಕ್ಕವೀರರಾಜೇಂದ್ರ ಇದ್ದನಲ್ಲ ಅಜ್ಜಿ, ಅವನ ಮಗಳು. ಗೌರಮ್ಮ ಅಂತ.”

ಅಜ್ಜಿ ಇನ್ನೊಮ್ಮೆ ನೋಡಿದರು. ಅವರ ಕೊರಳಲ್ಲಿ ಕಪ್ಪು ದಾರಕ್ಕೆ ಬೆಳ್ಳಿಯ ಕರಡಿಗೆ ತೂಗುತ್ತಿತ್ತು. “ಹಾಲೇರಿ ರಾಜರು ಲಿಂಗವಂತರಲ್ವ? ಇವಳ ಕೊರಳಲ್ಲಿ ಲಿಂಗನೇ ಇಲ್ವಲ್ಲ” ಎಂದರು. “ಓದೋ ಹುಡುಗಿ ಇರಬೇಕು, ಪುಸ್ತಕ ಹಿಡ್ದವಳೆ.”

ಎದುರಿನ ಬೆಂಚಿನಲ್ಲಿ ಹಾಸನಕ್ಕೆ ಹೊರಟಿದ್ದ ಕೊಡವ ಹೆಂಗಸೊಬ್ಬರು ಇದ್ದರು. ಗೌರಮ್ಮ ಎಂಬ ಹೆಸರು ಕಿವಿಗೆ ಬಿದ್ದದ್ದೇ ಕೈ ಚಾಚಿದರು. ಅವರು ಮುಖ ನೋಡಲಿಲ್ಲ, ಸೊಂಟ ನೋಡಿದರು. “ಇದು ನಮ್ಮ ಉಡುಗೆ ಅಲ್ಲ. ನಮ್ಮಲ್ಲಿ ನೆರಿಗೆ ಹಿಂದೆ ಬರ್ತದೆ. ಸೆರಗು ಹಿಂದಿನಿಂದ ತಂದು ಬಲಭುಜದ ಮೇಲೆ ಕಟ್ಟುವುದು. ತಲೆಗೆ ವಸ್ತ್ರ. ಜೋಮಾಲೆ, ಕೊಕ್ಕೆತಾತಿ ಯಾವುದೂ ಕಾಣ್ತಾ ಇಲ್ಲ. ಇವಳನ್ನು ಕೊಡಗಿನ ಹುಡುಗಿ ಅಂತ ಯಾರು ಹೇಳಿದ್ದು ನಿಮಗೆ?”

ಮೂಟೆಗಳ ಲೆಕ್ಕ ಬರೆದುಕೊಳ್ಳುತ್ತಿದ್ದ ಶುಂಠಿ ವ್ಯಾಪಾರಿ ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡು ಬಂದ. ಚಿತ್ರವನ್ನು ಒಂದು ಗಳಿಗೆ ನೋಡಿ ನನ್ನನ್ನೇ ಕೇಳಿದ: “ಇದನ್ನ ಬರೆಸಿದ್ದು ಯಾರು ಸಾರ್? ದುಡ್ಡು ಯಾರು ಕೊಟ್ಟಿದ್ದು?”

ಹಳೆಯ ಭಾವಚಿತ್ರವನ್ನು ಓದುವ ವಿದ್ಯೆಯನ್ನು ಕಲಾ ಇತಿಹಾಸದ ಪುಸ್ತಕಗಳು ಪುಟಗಟ್ಟಲೆ ಹೇಳುತ್ತವೆ. ಅದರ ತಿರುಳು ಈ ಬೆಂಚಿನ ಮೇಲೆ ಚಹಾ ಆರುವುದರೊಳಗೆ ಬಂದುಬಿಟ್ಟಿತ್ತು. ಚಿತ್ರದಲ್ಲಿ ಏನಿರಬೇಕಿತ್ತು, ಏನಿಲ್ಲ? ಇರುವುದು ಎಲ್ಲಿಯದು? ಬರೆಸಿದವರು ಯಾರು? ಮುಖ ಸುಂದರವಾಗಿದೆಯೇ, ಕಣ್ಣಲ್ಲಿ ದುಃಖವಿದೆಯೇ ಎಂಬ ನಮ್ಮ ಎಂದಿನ ಪ್ರಶ್ನೆಗಳು ಇವುಗಳ ಹಿಂದೆ ಸಾಲಿನಲ್ಲಿ ನಿಲ್ಲಬೇಕು.

ವ್ಯಾಪಾರಿಯ ಪ್ರಶ್ನೆಯಿಂದಲೇ ಶುರು ಮಾಡೋಣ. ಚಿತ್ರ ಬರೆದದ್ದು 1852ರಲ್ಲಿ. ಬರೆದವನು ಫ್ರಾಂಜ್ ಜೇವರ್ ವಿಂಟರ್‌ಹಾಲ್ಟರ್. ಜರ್ಮನಿಯ ಕಪ್ಪು ಕಾಡಿನ ಸೀಮೆಯ ಒಂದು ಹಳ್ಳಿಯಲ್ಲಿ 1805ರಲ್ಲಿ ಹುಟ್ಟಿದ ರೈತನ ಮಗ, ಯುರೋಪಿನ ಅರಮನೆಗಳೆಲ್ಲ ಸರದಿಯಲ್ಲಿ ಕರೆಸಿಕೊಳ್ಳುವ ಚಿತ್ರಗಾರನಾಗಿದ್ದ. ಕರಡು ರೇಖೆಗಳಲ್ಲಿ ಹೊತ್ತು ಕಳೆಯದೆ ನೇರ ಕ್ಯಾನ್ವಾಸಿನ ಮೇಲೇ ಬಣ್ಣ ಹಚ್ಚುವ ಕೈಚಳಕ ಅವನದು. ರೇಷ್ಮೆಯ ಮಡಿಕೆ, ಮುತ್ತಿನ ಹೊಳಪು, ಮೈಯ ನುಣುಪು, ಇವು ಮೂರನ್ನು ಅವನ ಹಾಗೆ ತರಬಲ್ಲವರು ಆ ಕಾಲಕ್ಕೆ ಅಪರೂಪ. ವಿಕ್ಟೋರಿಯಾ ರಾಣಿಗೆ ಅವನು ಮೆಚ್ಚಿನ ಚಿತ್ರಗಾರ. 1842ರಿಂದ ಮೊದಲುಮಾಡಿ ರಾಣಿಯನ್ನು, ಗಂಡ ಆಲ್ಬರ್ಟನನ್ನು, ಮಕ್ಕಳನ್ನು ಮತ್ತೆ ಮತ್ತೆ ಬರೆದವನು. ಗೌರಮ್ಮನನ್ನು ಅವನ ಎದುರು ನಿಲ್ಲಿಸಿದ್ದು ಆ ರಾಣಿಯೇ. ಚಿತ್ರ ಹೋಗಿ ಸೇರಿದ್ದೂ ಆ ರಾಣಿಯ ಮನೆಗೇ. ಹುಡುಗಿಯ ಅಪ್ಪ ಬರೆಸಿದ್ದಲ್ಲ, ಕೊಡಗಿಗಾಗಿ ಬರೆಸಿದ್ದೂ ಅಲ್ಲ.

ಹಾಗಾದರೆ ಹನ್ನೊಂದು ವರ್ಷದ ಹುಡುಗಿ ಅಲ್ಲಿಗೆ ಹೋದದ್ದು ಹೇಗೆ? ಅದಕ್ಕೆ ಶಿರಂಗಾಲದ ಈ ರಸ್ತೆಗೇ ವಾಪಸು ಬರಬೇಕು.

1834ರ ಏಪ್ರಿಲ್ ಮೊದಲ ವಾರದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆಗಳು ಹಲವು ದಿಕ್ಕಿನಿಂದ ಕೊಡಗನ್ನು ಹೊಕ್ಕವು. ಅವುಗಳಲ್ಲಿ ಕರ್ನಲ್ ಲಿಂಡ್ಸೆಯ ಪೂರ್ವದ ತುಕಡಿ ಬಂದದ್ದು ಬೆಟ್ಟದಪುರದ ಕಡೆಯಿಂದ, ಇದೇ ಕಾವೇರಿಯನ್ನು ದಾಟಿ. ಉತ್ತರದಿಂದ ಬಂದ ತುಕಡಿಯನ್ನು ಕೊಡಗಿನವರು ತಡೆದು ಹಿಮ್ಮೆಟ್ಟಿಸಿದರು. ಪೂರ್ವದ ಬಾಗಿಲು ಮಾತ್ರ ಬೇಗ ತೆರೆದುಕೊಂಡಿತು. ಏಪ್ರಿಲ್ 6ರಂದು ಮಡಿಕೇರಿಯ ಕೋಟೆಯ ಮೇಲೆ ಬ್ರಿಟಿಷರ ಬಾವುಟ ಏರಿತು. ನಾಲ್ಕುನಾಡಿನ ಅರಮನೆಗೆ ಹೋಗಿ ಸೇರಿದ್ದ ಚಿಕ್ಕವೀರರಾಜೇಂದ್ರ ಶರಣಾದ. ಮೇ 7ರಂದು ಹೊರಟ ಘೋಷಣೆ, ಕೊಡಗಿನ ಜನರೆಲ್ಲ ಒಕ್ಕೊರಲಿನಿಂದ ಬ್ರಿಟಿಷರ ಆಶ್ರಯ ಬಯಸಿದ್ದಾರೆ ಎಂದು ಸಾರಿತು. ದಂಡಿನ ಜೊತೆ ಬಂದ ರಾಜಕೀಯ ಅಧಿಕಾರಿ ಕರ್ನಲ್ ಫ್ರೇಸರನ ಹೆಸರು ಕುಶಾಲನಗರಕ್ಕೆ ಅಂಟಿಕೊಂಡು ಅದು ಫ್ರೇಸರ್‌ಪೇಟೆ ಎನ್ನಿಸಿಕೊಂಡಿತು. ಸುಮಾರು ಎರಡು ಶತಮಾನ ಕೊಡಗನ್ನಾಳಿದ ಹಾಲೇರಿ ವಂಶದ ಕೊನೆಯ ಅರಸನನ್ನು ಅದೇ ತಿಂಗಳುಗಳಲ್ಲಿ ಮೈಸೂರು ಸೀಮೆ ದಾಟಿಸಿ ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಕಳಿಸಲಾಯಿತು.

ಗೌರಮ್ಮ ಹುಟ್ಟಿದ್ದು ಆ ಕಾಶಿಯಲ್ಲಿ, 1841ರಲ್ಲಿ. ರಾಜ್ಯ ಹೋಗಿ ಏಳು ವರ್ಷ ಕಳೆದ ಮೇಲೆ. ಅವಳು ತೊಟ್ಟಿಲಲ್ಲಿ ಕೇಳಿದ್ದು ಗಂಗೆಯ ದಡದ ಸದ್ದು. ಕೊಡಗನ್ನು ಅವಳು ನೋಡಲೇ ಇಲ್ಲ. ಕೊಡವ ಹೆಂಗಸು ಕೇಳಿದ ಪ್ರಶ್ನೆ ಇಲ್ಲಿ ತಟ್ಟುತ್ತದೆ. ಹಾಲೇರಿ ಅರಸರು ಕೊಡವರಲ್ಲ, ಇಕ್ಕೇರಿಯ ಕಡೆಯಿಂದ ಬಂದ ಲಿಂಗಾಯತರು. ಅವರ ಆಡಳಿತದ ಭಾಷೆ ಕನ್ನಡ. ತಮ್ಮ ವಂಶದ ಕತೆಯನ್ನು ದೊಡ್ಡವೀರರಾಜೇಂದ್ರ ಬರೆಸಿದ್ದು ಕನ್ನಡದ ‘ರಾಜೇಂದ್ರನಾಮೆ’ಯಲ್ಲಿ. ಆದ್ದರಿಂದ ಆ ಮನೆಯ ಮಗಳ ಸೊಂಟದ ಹಿಂದೆ ಕೊಡವತಿಯ ನೆರಿಗೆ ಹುಡುಕಿದರೆ ಸಿಗುವ ದಾರಿಯೇ ಇರಲಿಲ್ಲ. ಚಿತ್ರದ ಉಡುಗೆ ಕೊಡಗಿನದಲ್ಲ. ಇಂಗ್ಲೆಂಡಿನವರ ಕಣ್ಣಿಗೆ ‘ಹಿಂದೂಸ್ತಾನದ ರಾಜಕುಮಾರಿ’ ಹೇಗೆ ಕಾಣಬೇಕಿತ್ತೋ ಹಾಗೆ ಸಿಂಗರಿಸಿದ್ದು. ಕೊಡಗು ಅವಳ ಮೈಮೇಲೆ ಎಲ್ಲೂ ಇಲ್ಲ, ಚಿತ್ರದ ಹೆಸರಿನಲ್ಲಿ ಮಾತ್ರ ಇದೆ.

ಅಜ್ಜಿಯ ಮಾತು ಇನ್ನೂ ಆಳಕ್ಕೆ ಹೋಗುತ್ತದೆ. ಲಿಂಗವಂತರ ಮನೆಯಲ್ಲಿ ಕೂಸು ಹುಟ್ಟಿದ ಹೊಸತರಲ್ಲೇ ಲಿಂಗ ಕಟ್ಟುತ್ತಾರೆ. ಸಾಯುವವರೆಗೂ ಅದು ಮೈ ಬಿಟ್ಟು ಇಳಿಯಬಾರದು. ಈ ಚಿತ್ರದಲ್ಲಿ ಕೊರಳ ತುಂಬ ಒಡವೆ ಇದೆ, ಲಿಂಗದ ಗುರುತಿಲ್ಲ. ಅದರ ಬದಲು ಕೈಗೆ ಒಂದು ಪುಸ್ತಕ ಬಂದಿದೆ. ಅದು ಓದುವ ಪುಸ್ತಕ ಎಂದು ಅಜ್ಜಿ ಅಂದುಕೊಂಡದ್ದರಲ್ಲಿ ತಪ್ಪಿಲ್ಲ. ಅದು ಬೈಬಲ್.

1852ರಲ್ಲಿ ಚಿಕ್ಕವೀರರಾಜೇಂದ್ರ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದ. ಕಂಪನಿಯ ಸಾಲಪತ್ರಗಳಲ್ಲಿ ತೊಡಗಿಸಿದ್ದ ಮನೆತನದ ಹಣವನ್ನು ಕಂಪನಿ ಕೊಡದೆ ಹಿಡಿದಿಟ್ಟುಕೊಂಡಿತ್ತು. ಅದನ್ನು ವಾಪಸು ಪಡೆಯಲು ಲಂಡನ್ನಿನ ಕೋರ್ಟಿನಲ್ಲೇ ಕಂಪನಿಯ ಮೇಲೆ ದಾವೆ ಹೂಡುವುದು ಅವನ ಲೆಕ್ಕ. ಮಗಳನ್ನು ಕ್ರೈಸ್ತಳನ್ನಾಗಿ ಮಾಡಿ ಇಂಗ್ಲಿಷ್ ಮನೆತನದಲ್ಲಿ ಬೆಳೆಸಲು ಒಪ್ಪಿದ. ಅದೇ ವರ್ಷ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಅವಳಿಗೆ ದೀಕ್ಷಾಸ್ನಾನ ಮಾಡಿಸಿದರು. ಧರ್ಮಮಾತೆಯಾಗಿ ನಿಂತವಳು ಸ್ವತಃ ವಿಕ್ಟೋರಿಯಾ. ಆ ದಿನದಿಂದ ಹುಡುಗಿಯ ಹೆಸರು ವಿಕ್ಟೋರಿಯಾ ಗೌರಮ್ಮ.

ವಿಂಟರ್‌ಹಾಲ್ಟರನ ಚಿತ್ರ ಈ ಸಮಾರಂಭಕ್ಕೆ ಹಾಕಿದ ಮುದ್ರೆ. ಅದರಲ್ಲಿ ಉಡುಗೆಯೂ ಪುಸ್ತಕವೂ ಒಟ್ಟಿಗೆ ಇರಬೇಕಾದದ್ದು ಅದಕ್ಕೇ. ಅವಳಿಗೆ ಇಂಗ್ಲಿಷ್ ಗೌನು ಹಾಕಿ ನಿಲ್ಲಿಸಿದ್ದರೆ ಯಾವುದೋ ಮನೆಯ ಕಂದು ಬಣ್ಣದ ಹುಡುಗಿ ಎನ್ನಿಸುತ್ತಿತ್ತು. ಪುಸ್ತಕ ಕೊಡದೆ ಒಡವೆಯಷ್ಟೇ ಹಾಕಿದ್ದರೆ ಪೂರ್ವದೇಶದ ಇನ್ನೊಬ್ಬ ರಾಜಕುಮಾರಿ. ಒಡವೆ ಎಲ್ಲಿಂದ ಬಂದಳೆಂದು ಹೇಳಬೇಕು, ಪುಸ್ತಕ ಎಲ್ಲಿಗೆ ತಲುಪಿದಳೆಂದು ಹೇಳಬೇಕು. ಸಾಮ್ರಾಜ್ಯಕ್ಕೆ ಬೇಕಾಗಿದ್ದ ಕತೆಗೆ ಎರಡೂ ಬೇಕು. ಬಿಟ್ಟುಹೋದದ್ದು ನಡುವಿನ ದಾರಿ. ಕಾವೇರಿ ದಾಟಿದ ದಂಡು, ವೆಲ್ಲೂರಿನ ಕೋಟೆ, ಕಾಶಿಯ ಸೆರೆ, ಸಾಲಪತ್ರದ ಲೆಕ್ಕ, ಅವುಗಳಲ್ಲಿ ಯಾವುದಕ್ಕೂ ಈ ಚೌಕಟ್ಟಿನಲ್ಲಿ ಜಾಗವಿಲ್ಲ.

ಅಪ್ಪನಿಗೂ ಜಾಗವಿಲ್ಲ. ಇದು ಗಮನಿಸಬೇಕಾದ ಮಾತು. ಚಿಕ್ಕವೀರರಾಜೇಂದ್ರನ ಚಿತ್ರವನ್ನು ಬ್ರಿಟಿಷರು ಬಣ್ಣಕ್ಕಿಂತ ಹೆಚ್ಚಾಗಿ ಮಾತಿನಲ್ಲಿ ಬರೆದರು. ಕ್ರೂರಿ, ವಿಷಯಲಂಪಟ, ಬಂಧುಗಳನ್ನು ಕೊಲ್ಲಿಸಿದವನು ಎಂದು ವರದಿಗಳು ಹೇಳಿದವು. ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕೊಡಗಿಗೆ ಬಂದು ನೆಲೆಸಿ, 1855ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಕೊಡಗಿನ ವೃತ್ತಾಂತದಲ್ಲೂ ಅರಸನ ಮುಖ ಕಪ್ಪಾಗಿಯೇ ಇದೆ. ಆ ಆಪಾದನೆಗಳೆಲ್ಲ ಸುಳ್ಳೆಂದು ಹೇಳುವುದು ನನ್ನ ಉದ್ದೇಶವಲ್ಲ. ಅವನ ಆಳ್ವಿಕೆಯಲ್ಲಿ ರಕ್ತ ಹರಿದದ್ದು ನಿಜ. ಆದರೆ ಮಾತಿನ ಆ ಕಪ್ಪು ಚಿತ್ರವನ್ನೂ ಬಣ್ಣದ ಈ ಮುದ್ದು ಚಿತ್ರವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದು ಇನ್ನೊಂದಕ್ಕೆ ಊರುಗೋಲು. ಅಪ್ಪ ಅಷ್ಟು ಕೆಟ್ಟವನಾಗಿದ್ದರಿಂದ ರಾಜ್ಯ ಕಿತ್ತುಕೊಂಡದ್ದು ಸರಿ. ಮಗಳು ಇಷ್ಟು ಸೌಮ್ಯಳಾಗಿರುವುದರಿಂದ ಕಿತ್ತುಕೊಂಡವರ ಕೈ ತಾಯಿಯ ಕೈ. ಎರಡು ಚಿತ್ರಗಳ ನಡುವೆ ನ್ಯಾಯದ ತಕ್ಕಡಿ ತನ್ನಷ್ಟಕ್ಕೇ ಒಂದು ಕಡೆಗೆ ವಾಲುತ್ತದೆ.

ಕನ್ನಡದಲ್ಲಿ ಆ ತಕ್ಕಡಿಯನ್ನು ಇನ್ನೊಮ್ಮೆ ಹಿಡಿದು ನೋಡಿದವರು ಮಾಸ್ತಿ. 1956ರ ‘ಚಿಕವೀರ ರಾಜೇಂದ್ರ’ ಕಾದಂಬರಿಯಲ್ಲಿ ಅರಸನ ಕೇಡುಗಳನ್ನು ಅವರು ಮುಚ್ಚಿಡಲಿಲ್ಲ, ಅವನನ್ನು ಮನುಷ್ಯರ ಸಾಲಿನಿಂದ ಹೊರಗೂ ಹಾಕಲಿಲ್ಲ. 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಆ ಕಾದಂಬರಿಯ ಹೆಸರಿನೊಡನೆಯೇ ಅವರಿಗೆ ಬಂತು. ಮಡಿಕೇರಿಯ ಅರಮನೆಯನ್ನು ಕನ್ನಡಿಗರಲ್ಲಿ ಬಹಳ ಮಂದಿ ಮೊದಲು ಕಂಡದ್ದು ಮಾಸ್ತಿಯವರ ವಾಕ್ಯಗಳಲ್ಲಿ.

ಇಂಥ ಚಿತ್ರ ಇದೊಂದೇ ಆಗಿದ್ದರೆ ರಾಣಿಯ ಅಂತಃಕರಣ ಎಂದು ಸುಮ್ಮನಾಗಬಹುದಿತ್ತು. ಎರಡು ವರ್ಷ ಬಿಟ್ಟು, 1854ರಲ್ಲಿ, ಅದೇ ವಿಂಟರ್‌ಹಾಲ್ಟರ್ ಪಂಜಾಬಿನ ಮಹಾರಾಜ ದುಲೀಪ್ ಸಿಂಗನನ್ನು ಬರೆದ. ಅವನೂ ಹುಡುಗ. ಅವನ ರಾಜ್ಯವನ್ನೂ ಕಂಪನಿ 1849ರಲ್ಲಿ ನುಂಗಿತ್ತು. ಅವನೂ ಕ್ರೈಸ್ತನಾಗಿದ್ದ. ಅವನನ್ನೂ ರತ್ನಗಳಿಂದ ಸಿಂಗರಿಸಿ, ಕಲ್ಪನೆಯ ಪೂರ್ವದೇಶವೊಂದರ ಬಯಲಿನ ಮುಂದೆ ನಿಲ್ಲಿಸಲಾಗಿದೆ. ಕಣ್ಣಿಟ್ಟು ನೋಡಿದರೆ ಅವನ ಕೊರಳ ಹಾರದಿಂದ ವಜ್ರ ಸುತ್ತಿದ ಒಂದು ಪುಟ್ಟ ಭಾವಚಿತ್ರ ತೂಗುತ್ತಿದೆ. ಅದು ವಿಕ್ಟೋರಿಯಾಳದು. ಚಿತ್ರದೊಳಗಿನ ಚಿತ್ರ. ಗೌರಮ್ಮನ ಕೈಯ ಪುಸ್ತಕ ಮಾಡುವ ಕೆಲಸವನ್ನು ಅಲ್ಲಿ ಆ ಪದಕ ಮಾಡುತ್ತದೆ: ಯಾರ ಆಳು, ಯಾರ ಮಗು ಎಂದು ಹೇಳುತ್ತದೆ. ವೈಟ್ ದ್ವೀಪದ ಆಸ್ಬರ್ನ್ ಅರಮನೆಯಲ್ಲಿ ದುಲೀಪನನ್ನು ಕೂರಿಸಿಕೊಂಡು ರಾಣಿ ತಾನೇ ಪೆನ್ಸಿಲು, ಜಲವರ್ಣ ಹಿಡಿದು ಪುಟ್ಟ ಪುಟ್ಟ ಚಿತ್ರಗಳನ್ನು ಬರೆದಳು. ಅದೇ ಆಸ್ಬರ್ನ್‌ಗೆ ಮಾರೊಚೆಟ್ಟಿ ಎಂಬ ಶಿಲ್ಪಿ ಗೌರಮ್ಮನ ಎದೆಮಟ್ಟದ ಪ್ರತಿಮೆಯನ್ನು ಅಮೃತಶಿಲೆಯಲ್ಲಿ ಕಡೆದು, ಅದಕ್ಕೆ ಮೈಬಣ್ಣವನ್ನೂ ಹಚ್ಚಿ ಕೊಟ್ಟ. ಬಿಳಿಯ ಶಿಲೆಯನ್ನು ಬಿಳಿಯಾಗಿ ಬಿಡುವುದು ಅಂದಿನ ಶಿಲ್ಪಿಗಳ ರೂಢಿ. ಇವರ ವಿಷಯದಲ್ಲಿ ಬಣ್ಣವೂ ಹೇಳಬೇಕಾದ ಸುದ್ದಿಯೇ ಆಗಿತ್ತು.

ಈ ಇಬ್ಬರಿಗೂ ಮದುವೆ ಮಾಡಿಸಬೇಕೆಂದು ರಾಣಿಗೆ ಆಸೆಯಿತ್ತು. ಗೋಡೆಯ ಮೇಲೆ ಜೋಡಿಯಾಗಿ ಚಂದ ಕಾಣುವ ಚಿತ್ರಗಳು ಮನೆಯಲ್ಲೂ ಜೋಡಿಯಾಗಲಿ ಎಂಬ ಲೆಕ್ಕ. ಅದು ನಡೆಯಲಿಲ್ಲ. ಗೌರಮ್ಮ 1860ರಲ್ಲಿ ತನಗಿಂತ ಬಹಳ ದೊಡ್ಡವನಾದ ಕರ್ನಲ್ ಜಾನ್ ಕ್ಯಾಂಬೆಲ್‌ನನ್ನು ಮದುವೆಯಾದಳು. ಮಾರನೆಯ ವರ್ಷ ಈಡಿತ್ ಎಂಬ ಮಗಳು ಹುಟ್ಟಿದಳು. 1864ರಲ್ಲಿ, ಇನ್ನೂ ಇಪ್ಪತ್ತೆರಡರ ವಯಸ್ಸಿನಲ್ಲಿ ಗೌರಮ್ಮ ತೀರಿಕೊಂಡಳು. ಅವಳ ಗೋರಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಅಪ್ಪ ಅವಳಿಗಿಂತ ಮೊದಲೇ, 1859ರಲ್ಲಿ, ಲಂಡನ್ನಿನಲ್ಲೇ ಸತ್ತಿದ್ದ. ಅವನು ಹೂಡಿದ ದಾವೆಯ ತೀರ್ಪು ಬಂದದ್ದು 1860ರಲ್ಲಿ. ಕೋರ್ಟು ಅದನ್ನು ವಜಾ ಮಾಡಿತು. ಮಗಳನ್ನು ಕೊಟ್ಟರೂ ಹಣ ಬರಲಿಲ್ಲ. ಲೆಕ್ಕದ ಪುಸ್ತಕ ಬಲ್ಲ ವ್ಯಾಪಾರಿಗೆ ಇದನ್ನು ಹೇಳಿದಾಗ ಅವನು ತಲೆಯಾಡಿಸಿ, “ಅಡ ಇಟ್ಟಿದ್ದೂ ಹೋಯ್ತು, ಅಸಲೂ ಹೋಯ್ತು” ಎಂದ.

ಚಿತ್ರವನ್ನು ಪುಸ್ತಕದೊಳಕ್ಕೆ ಸೇರಿಸುವ ಮೊದಲು ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಈ ನಾಡಿನವರು ತಮ್ಮವರನ್ನು ನೆನಪಿನಲ್ಲಿಡಲು ಮುಖವನ್ನು ಬರೆದುಕೊಳ್ಳುತ್ತಿದ್ದರೇ? ಕೊಡಗಿನಲ್ಲಿ, ಹಾಸನದಲ್ಲಿ ಹೊಲದ ಬದುವಿನಲ್ಲಿ, ಗುಡಿಯ ಅಂಗಳದಲ್ಲಿ ನಿಂತ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಸತ್ತವನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಎದುರು ಕೈಮುಗಿದು ಕೂತ ವೀರ. ತುರು ಬಿಡಿಸಲು ಸತ್ತನೆಂದರೆ ಹಸುಗಳನ್ನೂ ಬಿಡಿಸುತ್ತಾರೆ. ಮುಖ ಮಾತ್ರ ಎಲ್ಲ ಕಲ್ಲುಗಳಲ್ಲೂ ಹೆಚ್ಚುಕಮ್ಮಿ ಒಂದೇ. ಶಿಲ್ಪಿಗೆ ಬರುತ್ತಿರಲಿಲ್ಲವೆಂದಲ್ಲ. ಅವನು ಹೇಗಿದ್ದ ಎನ್ನುವುದಕ್ಕಿಂತ ಏನು ಮಾಡಿದ ಎನ್ನುವುದು ಊರಿಗೆ ಬೇಕಾಗಿತ್ತು. ಮಡಿಕೇರಿಯ ಗದ್ದಿಗೆಯಲ್ಲೂ ಇದೇ ಕತೆ. ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳ ಮೇಲೆ ಗುಮ್ಮಟ ಇದೆ, ಮೂಲೆಗೆ ಗೋಪುರಗಳಿವೆ, ಬಸವಣ್ಣ ಇದ್ದಾನೆ. ಅರಸನ ಮೂಗು, ಮೀಸೆ ಹೇಗಿತ್ತು ಎಂದು ಅಲ್ಲಿ ಯಾರೂ ಕಡೆದಿಲ್ಲ.

ಕೊಡಗಿಗೆ ಮುಖದ ಹಸಿವು ಹತ್ತಿದ್ದು ತಡವಾಗಿ. ಕೊಡಗು ಕೈಬಿಟ್ಟುಹೋದ ಮೂರೇ ವರ್ಷಕ್ಕೆ, 1837ರಲ್ಲಿ, ಅಮರಸುಳ್ಯದ ರೈತರು ಕಂಪನಿಯ ಮೇಲೆ ಎದ್ದರು. ಹಾಲೇರಿ ವಂಶದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ನಡೆದ ಆ ದಂಡು ಮಂಗಳೂರಿನವರೆಗೂ ಹೋಯಿತು. ಸುಬೇದಾರ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಯಾವ ವಿಂಟರ್‌ಹಾಲ್ಟರನೂ ಅವನ ಎದುರು ಬಣ್ಣದ ಹಲಗೆ ಹಿಡಿದು ನಿಲ್ಲಲಿಲ್ಲ. ಇಂದು ಮಡಿಕೇರಿಯಲ್ಲಿ ಅವನ ಪ್ರತಿಮೆ ಇದೆ. ಮಂಗಳೂರಿನ ಬಾವುಟಗುಡ್ಡೆಯಲ್ಲಿ ಅದೇ ದಂಗೆಯ ಕೆದಂಬಾಡಿ ರಾಮಯ್ಯಗೌಡನ ಪ್ರತಿಮೆಯನ್ನು 2022ರಲ್ಲಿ ನಿಲ್ಲಿಸಿದರು. ಆ ಮುಖಗಳನ್ನು ಶಿಲ್ಪಿಗಳು ಹೇಳಿಕೆಯಿಂದ, ಅಂದಾಜಿನಿಂದ, ಭಕ್ತಿಯಿಂದ ಕಟ್ಟಿಕೊಂಡರು. ವಿಚಿತ್ರ ನೋಡಿ. ಕೊಡಗನ್ನು ಕಾಣದೆಯೇ ಬೆಳೆದವಳ ಕಣ್ಣು, ಮೂಗು, ಬೆರಳು ಯುರೋಪಿನ ಅತ್ಯುತ್ತಮ ಕುಂಚದಲ್ಲಿ ಉಳಿದಿವೆ. ಕೊಡಗಿಗಾಗಿ ಪ್ರಾಣ ಕೊಟ್ಟವರ ಮುಖ ಊಹೆಯಲ್ಲಿ ಉಳಿದಿದೆ. ಮುಖ ಉಳಿಯುವುದು ಅವರವರ ಹಿರಿಮೆಗೆ ತಕ್ಕಂತೆ ಅಲ್ಲ, ಕುಂಚ ಯಾರ ಮನೆಯಲ್ಲಿ ಕೂಲಿಗಿತ್ತು ಎಂಬುದಕ್ಕೆ ತಕ್ಕಂತೆ.

ಹಾಗೆಂದು ಈ ಚಿತ್ರ ಸುಳ್ಳು ಎಂದು ಪಕ್ಕಕ್ಕಿಡುವ ಹಾಗೂ ಇಲ್ಲ. ಬರೆಸಿದವರ ಉದ್ದೇಶ ಏನೇ ಇರಲಿ, ಎದುರು ನಿಂತವಳು ನಿಜವಾದ ಹುಡುಗಿ. ಹಡಗಿನಿಂದಿಳಿದು ಕೆಲವೇ ವಾರ, ಹೊಸ ಹೆಸರು, ಗೊತ್ತಿಲ್ಲದ ಊರು, ಮೈಮೇಲೆ ಭಾರದ ಜರಿ, ಅಲುಗಾಡಬೇಡ ಎಂದು ಹೇಳುವ ಜರ್ಮನ್ ಚಿತ್ರಗಾರ. ಅವಳ ಮನಸ್ಸಿನಲ್ಲಿ ಏನಿತ್ತೆಂದು ಆ ಕಣ್ಣುಗಳಿಂದ ಊಹಿಸಲು ಎಲ್ಲರಿಗೂ ಆಸೆ. ದುಃಖ ಕಂಡೆವೆನ್ನುವವರಿದ್ದಾರೆ, ಬೆರಗು ಕಂಡೆವೆನ್ನುವವರಿದ್ದಾರೆ. ಅಷ್ಟು ದೂರ ಚಿತ್ರವನ್ನು ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ಗಿರಾಕಿಗೆ ಬೇಕಾದ ಮುಖಭಾವ ಹಚ್ಚಿಕೊಡುವುದು ವಿಂಟರ್‌ಹಾಲ್ಟರನ ಕಸುಬಾಗಿತ್ತು. ಕಣ್ಣಿನಲ್ಲಿ ಕಾಣುವುದು ಅವಳದ್ದೋ ಅವನದ್ದೋ ಎಂದು ಬೇರ್ಪಡಿಸಲು ಇಂದು ಯಾರಿಂದಲೂ ಆಗದು. ಉಡುಗೆ, ಒಡವೆ, ಪುಸ್ತಕ, ಇಲ್ಲದ ಲಿಂಗ, ಇಲ್ಲದ ಅಪ್ಪ, ಇವು ಹಾಗಲ್ಲ. ಇವು ಸಾಕ್ಷಿ ನುಡಿಯುತ್ತವೆ, ಯಾರು ಕೇಳಿದರೂ ಒಂದೇ ಉತ್ತರ ಕೊಡುತ್ತವೆ.

ಪುಸ್ತಕಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಫೋನಿನಿಂದ ಫೋನಿಗೆ ಹಾರುವ ಪಟಗಳಲ್ಲಿ ಈ ಚಿತ್ರದ ಕೆಳಗೆ ಒಂದೇ ಸಾಲು ಇರುತ್ತದೆ: ಕೊಡಗಿನ ರಾಜಕುಮಾರಿ ಗೌರಮ್ಮ. ಆ ಒಂದು ಸಾಲನ್ನು ಬದಲಿಸುವುದು ಯಾರ ಕೈಲಾದರೂ ಆಗುವ ಕೆಲಸ. ಹೀಗೆ ಬರೆಯಬಹುದು: ‘ಗೌರಮ್ಮ, ಪದಚ್ಯುತ ಅರಸ ಚಿಕ್ಕವೀರರಾಜೇಂದ್ರನ ಮಗಳು. ಹುಟ್ಟಿದ್ದು 1841, ಕಾಶಿಯಲ್ಲಿ. ಕೊಡಗನ್ನು ನೋಡಿದವಳಲ್ಲ. 1852ರಲ್ಲಿ ದೀಕ್ಷಾಸ್ನಾನದ ವರ್ಷ ಬರೆದ ಚಿತ್ರ. ಉಡುಗೆ ಕೊಡಗಿನದಲ್ಲ. ಕೈಯಲ್ಲಿರುವುದು ಬೈಬಲ್. ಬರೆದವನು ವಿಂಟರ್‌ಹಾಲ್ಟರ್, ಬರೆಸಿದವಳು ರಾಣಿ ವಿಕ್ಟೋರಿಯಾ.’ ಚಿತ್ರಕ್ಕಿಂತ ಬರಹವೇ ಉದ್ದವಾಯಿತೆಂದು ಪುಟ ಕಟ್ಟುವವರು ಗೊಣಗಬಹುದು. ಗೊಣಗಲಿ. ಶಿರಂಗಾಲದ ಶಾಲೆಯ ಹುಡುಗಿಯೊಬ್ಬಳು ಈ ಚಿತ್ರವನ್ನು ಪಾಠದ ನಡುವೆ ಕಂಡಾಗ, ಇವಳು ನಮ್ಮ ಹಾಗೆ ಯಾಕಿಲ್ಲ ಎಂದು ಕೇಳಿದರೆ, ಮೇಷ್ಟ್ರ ಬಳಿ ಉತ್ತರ ಇರಬೇಕು. ಆ ಉತ್ತರ ಕಾವೇರಿ ದಾಟಿದ ದಂಡಿನಿಂದ ಶುರುವಾಗಬೇಕು.